ಮಣ್ಣಿನಲ್ಲಿಟ್ಟ ಠೇವಣಿ

ಕೆಡಿಸಿದ್ದು ಮರಳಿ ಚಿಗುರುವುದಾದರೆ ಕೆಡಿಸಿದವನ ತಪ್ಪು ಹಗುರವಾಗುತ್ತದೆಯೇ? ಅಮೆರಿಕದ ನಡುಭಾಗದ ಪ್ರೇರಿ ಹುಲ್ಲುಗಾವಲುಗಳ ಬಗ್ಗೆ ಓದುವಾಗ ನನ್ನನ್ನು ಕಾಡಿದ ಪ್ರಶ್ನೆಯಿದು.

ಮೊಳೆಯದೆ ಮಣ್ಣಿನಲ್ಲಿ ಕಾಯುವ ಬೀಜಗಳ ಸಂಗ್ರಹವನ್ನು ಸಸ್ಯವಿಜ್ಞಾನಿಗಳು 'ಬೀಜ ಬ್ಯಾಂಕ್' ಎನ್ನುತ್ತಾರೆ. ಬ್ಯಾಂಕಿನ ಗುಮಾಸ್ತನಾದ ನನಗೆ ಹೆಸರು ಹಿಡಿಸಿತು, ಅನುಮಾನವೂ ಬಂತು. ಹತ್ತು ವರ್ಷ ಯಾರೂ ಮುಟ್ಟದ ಖಾತೆಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋದರೂ ವಾರಸುದಾರ ಬಂದು ಕೇಳಿದರೆ ಸಿಗುತ್ತದೆ. ಮಣ್ಣು ಅಷ್ಟು ಪ್ರಾಮಾಣಿಕವಲ್ಲ. 1879ರಲ್ಲಿ ಮಿಷಿಗನ್ನಿನ ವಿಲಿಯಂ ಬೀಲ್ ಎಂಬ ಪ್ರಾಧ್ಯಾಪಕರು 20 ಬಾಟಲಿಗಳಲ್ಲಿ ಹಲವು ಬಗೆಯ ಬೀಜ ತುಂಬಿ ಹೂತಿಟ್ಟರು. 2021ರಲ್ಲಿ ಒಂದನ್ನು ಅಗೆದು ತೆಗೆದಾಗ ಮೊಳೆತದ್ದು ಮುಲ್ಲೀನ್ ಎಂಬ ಕಳೆಯ ಕುಲ ಮಾತ್ರ.

ಪ್ರೇರಿಯ ಹಿರಿಯ ಹುಲ್ಲು ಬಿಗ್ ಬ್ಲೂಸ್ಟೆಮ್. ಅದರ ಬೀಜ ಮಣ್ಣಿನಲ್ಲಿ ಬಹುಕಾಲ ಬಾಳದು. ಕಾನ್ಸಾಸಿನ ಕೊಂಝಾ ಪ್ರೇರಿಯಲ್ಲಿ ಬೆಂಕಿಯಿಂದ ಕರಕಲಾದ ನೆಲ ಮತ್ತೆ ಹಸಿರಾಗುವುದು ಬಹುಪಾಲು ನೆಲದಡಿಯ ಕಾಂಡಗಳ ಮೊಗ್ಗುಗಳಿಂದ. ನೇಗಿಲು ಕಡಿಯುವುದು ಅವನ್ನೇ. ಬಹುಕಾಲ ಉತ್ತ ಹೊಲವನ್ನು ಪಾಳುಬಿಟ್ಟರೆ ಮೊದಲೇಳುವುದು ಕಳೆ. ವಿಸ್ಕಾನ್ಸಿನ್ನಿನ ಮ್ಯಾಡಿಸನ್ನಿನಲ್ಲಿ 1930ರ ದಶಕದಲ್ಲಿ ಪ್ರೇರಿಯನ್ನು ಮರಳಿ ಬೆಳೆಸಹೊರಟವರು ಬೇರೆಡೆ ಉಳಿದಿದ್ದ ತುಣುಕುಗಳಿಂದ ಬೀಜವನ್ನೂ ಮಣ್ಣುಸಮೇತ ಹುಲ್ಲಿನ ಹೆಂಟೆಗಳನ್ನೂ ಹೊತ್ತು ತರಬೇಕಾಯಿತು.

'ಪ್ರಕೃತಿ ತಾನೇ ಸರಿಮಾಡಿಕೊಳ್ಳುತ್ತದೆ' ಎಂಬ ಸಮಾಧಾನ ನನಗೆ ಒಪ್ಪಿಗೆಯಿಲ್ಲ. ಅದು ಇನ್ನೊಬ್ಬರ ಠೇವಣಿಯ ಮೇಲೆ ಸಾಲ ಎತ್ತಿದಂತೆ. ಹೊಟ್ಟೆಪಾಡಿಗೆ ಉತ್ತ ರೈತನನ್ನು ದೂರಲಾರೆ. ಕೊನೆಯ ತುಣುಕನ್ನೂ ಬಿಡದವರ ಲೆಕ್ಕ ಬೇರೆ. ಐಯೋವಾ, ಇಲಿನಾಯ್‌ಗಳಲ್ಲಿ ಅಂಥ ತುಣುಕುಗಳು ಉಳಿದದ್ದು ಹಳೆಯ ಸ್ಮಶಾನಗಳಲ್ಲಿ, ರೈಲುಹಳಿಯ ಬದಿಯಲ್ಲಿ. ಅಲ್ಲಿಗೆ ನೇಗಿಲು ಹೋಗಲಿಲ್ಲ.