ಯಾವ ಕೃತಜ್ಞತೆ ದೇವರಿಗೆ ಮೆಚ್ಚಿಕೆ?

ದೇವರಿಗೆ ಕೃತಜ್ಞತೆ ಸಲ್ಲಿಸುವುದು ಒಳ್ಳೆಯದು ಎಂಬುದರಲ್ಲಿ ಯಾರಿಗೂ ಸಂಶಯವಿಲ್ಲ. ಮಗುವಿಗೆ ಮಾತು ಬರುತ್ತಿದ್ದಂತೆಯೇ ಶಿಲುಬೆಯ ಗುರುತನ್ನು ಕಲಿಸುತ್ತೇವೆ. ಅದರ ಬೆನ್ನಿಗೇ ಊಟದ ಪ್ರಾರ್ಥನೆಯನ್ನೂ ಕಲಿಸುತ್ತೇವೆ. ಆದರೆ ಪ್ರಿಯ ವಾಚಕರೇ, ಕೃತಜ್ಞತೆಯ ಪ್ರಾರ್ಥನೆಯೂ ದಾರಿ ತಪ್ಪಬಹುದೇ? ದೇವರಿಗೆ ವಂದನೆ ಹೇಳಿದವನೇ ಅವರ ಮೆಚ್ಚುಗೆ ಪಡೆಯದೆ ಬರಿಗೈಯಲ್ಲಿ ಮನೆಗೆ ಹಿಂದಿರುಗಬಹುದೇ?

ಹಿಂದಿರುಗಬಹುದು. ಅಂಥವನೊಬ್ಬನ ಕಥೆಯನ್ನು ಯೇಸುಸ್ವಾಮಿಯೇ ಹೇಳಿದ್ದಾರೆ (ಲೂಕ 18:9-14). ಪ್ರಾರ್ಥಿಸಲು ದೇವಾಲಯಕ್ಕೆ ಹೋದ ಫರಿಸಾಯ ಮತ್ತು ಸುಂಕದವನ ಈ ಸಾಮತಿಯನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಆದರೆ ಒಂದು ಸಂಗತಿ ನಮ್ಮ ಗಮನದಿಂದ ಜಾರಿಬಿಡುತ್ತದೆ. ಫರಿಸಾಯನ ಪ್ರಾರ್ಥನೆ ಆರಂಭವಾಗುವುದೇ ಕೃತಜ್ಞತೆಯಿಂದ! ಅವನು ಸುಳ್ಳನ್ನೂ ಹೇಳಲಿಲ್ಲ. ವಾರಕ್ಕೆರಡು ಸಲ ಉಪವಾಸ ಮಾಡುತ್ತಿದ್ದ, ಆದಾಯದ ಹತ್ತರಲ್ಲೊಂದು ಪಾಲನ್ನು ಕೊಡುತ್ತಿದ್ದ. ತಪ್ಪಾದದ್ದು ಎಲ್ಲಿ? ದೇವರಿಗೆ ವಂದನೆ ಹೇಳುತ್ತಲೇ ಅವನ ಕಣ್ಣು ಸುಂಕದವನ ಕಡೆಗೆ ಹೊರಳಿತು. ತಾನು ಅವನಂತಲ್ಲ ಎಂಬುದೇ ಅವನ ಕೃತಜ್ಞತೆಗೆ ಕಾರಣವಾಯಿತು.

ಇದಕ್ಕೆ ಹಿಂದಿನ ಅಧ್ಯಾಯದಲ್ಲೇ ಇನ್ನೊಂದು ಕೃತಜ್ಞತೆಯನ್ನು ಸಂತ ಲೂಕರು ನಮ್ಮ ಮುಂದಿಡುತ್ತಾರೆ (ಲೂಕ 17:11-19). ಹತ್ತು ಮಂದಿ ಕುಷ್ಠರೋಗಿಗಳು ಗುಣ ಹೊಂದಿದರು. ಒಂಬತ್ತು ಮಂದಿ ತಮ್ಮ ದಾರಿ ಹಿಡಿದರು. ಅವರು ದುಷ್ಟರೇನಲ್ಲ, ಯಾಜಕರ ಬಳಿಗೆ ಹೋಗಿರೆಂದು ಯೇಸುವೇ ಹೇಳಿದ್ದರು. ಆದರೂ ಹೊಳೆ ದಾಟಿದ ಮೇಲೆ ಅಂಬಿಗನ ನೆನಪು ಅವರಿಗಾಗಲಿಲ್ಲ. ಹಿಂದಿರುಗಿದವನು ಒಬ್ಬನೇ, ಅದೂ ಯೆಹೂದ್ಯರು ಹೊರಗಿನವನೆಂದು ದೂರವಿಟ್ಟಿದ್ದ ಸಮಾರಿಯದವನು. ಅವನು ಆ ಒಂಬತ್ತು ಮಂದಿಯೊಂದಿಗೆ ತನ್ನನ್ನು ಹೋಲಿಸಿಕೊಳ್ಳಲಿಲ್ಲ. ಯೇಸುವಿನ ಪಾದಕ್ಕೆ ಬಿದ್ದ, ಅಷ್ಟೇ. ಫರಿಸಾಯನ ಕೃತಜ್ಞತೆ ಅವನನ್ನು ಮೇಲೇರಿಸಿತು. ಸಮಾರಿಯದವನ ಕೃತಜ್ಞತೆ ಅವನನ್ನು ಬಾಗಿಸಿತು.

ನಮ್ಮ ಭಾಷೆಯ ಪದವೇ ಇದನ್ನು ಹೇಳಿಕೊಡುತ್ತದೆ. ಕೃತ ಎಂದರೆ ಮಾಡಿದ್ದು. ತನಗೆ ಮಾಡಿದ ಉಪಕಾರವನ್ನು ಅರಿತವನು ಕೃತಜ್ಞ. ಅದನ್ನು ಕೊಂದವನು ಕೃತಘ್ನ. ಅಂದಮೇಲೆ ನನ್ನಲ್ಲಿರುವುದು ನಾನು ಗಳಿಸಿದ್ದಲ್ಲ, ಪಡೆದದ್ದು ಎಂಬ ಅರಿವೇ ಕೃತಜ್ಞತೆ. ದೀನತೆ ಎಂಬುದೂ ಇದೇ ಅಲ್ಲವೇ? 'ನಾನು ಯಾತಕ್ಕೂ ಬಾರದವನು' ಎಂದು ಹಳಿದುಕೊಳ್ಳುವುದು ದೀನತೆಯಲ್ಲ. ಮಾತೆ ಮರಿಯಮ್ಮನವರು ತಮ್ಮ ಸ್ತುತಿಗೀತೆಯಲ್ಲಿ ತಮಗಾದ ಮಹತ್ಕಾರ್ಯಗಳನ್ನು ಮುಚ್ಚಿಡಲಿಲ್ಲ. ಅವುಗಳನ್ನು ಮಾಡಿದವರು ಯಾರೆಂಬುದನ್ನು ಮರೆಯಲೂ ಇಲ್ಲ.

ಈಗ ನಮ್ಮ ಮನೆಗಳ ಕಡೆ ನೋಡೋಣ. 2020 ಮತ್ತು 2021ರಲ್ಲಿ ಕೊರೊನಾ ರೋಗ ಊರೂರನ್ನು ನಡುಗಿಸಿದಾಗ ಬದುಕಿ ಉಳಿದ ಅನೇಕರು ದೇವರನ್ನು ಕೊಂಡಾಡಿದರು. ಅದು ಯುಕ್ತವೇ. ಆದರೆ 'ನಮ್ಮ ಮನೆಯಲ್ಲಿ ಜಪಸರ ಒಂದು ದಿನವೂ ತಪ್ಪಲಿಲ್ಲ, ಅದಕ್ಕೇ ದೇವರು ನಮ್ಮನ್ನು ಕಾಪಾಡಿದರು' ಎಂಬ ಮಾತನ್ನು ಯೋಚಿಸಿ ನೋಡಿ. ಅದೇ ಜಪಸರವನ್ನು ಕಣ್ಣೀರಿನಿಂದ ಜಪಿಸಿಯೂ ಗಂಡನನ್ನು ಕಳೆದುಕೊಂಡ ಹೆಣ್ಣುಮಗಳು ಪಕ್ಕದ ಪೀಠದಲ್ಲೇ ಕುಳಿತಿದ್ದರೆ ಆಕೆಯ ಹೃದಯಕ್ಕೆ ಏನಾದೀತು? ಆಕೆಯ ಪ್ರಾರ್ಥನೆಯಲ್ಲಿ ಕೊರತೆಯಿತ್ತೇ? ಸಿಲೋವಾಮಿನ ಗೋಪುರ ಕುಸಿದು ಹದಿನೆಂಟು ಮಂದಿ ಸತ್ತಾಗ, ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೆಂದು ಭಾವಿಸಬೇಡಿರೆಂದು ಯೇಸುಸ್ವಾಮಿ ಸ್ಪಷ್ಟವಾಗಿ ಎಚ್ಚರಿಸಿದರು (ಲೂಕ 13:4-5). ಸತ್ತವರು ಹೆಚ್ಚಿನ ಪಾಪಿಗಳಲ್ಲವಾದರೆ ಉಳಿದ ನಾವು ಹೆಚ್ಚಿನ ಪುಣ್ಯವಂತರೂ ಅಲ್ಲ.

ಹಾಗಾದರೆ ಉಳಿದದ್ದಕ್ಕೆ ವಂದನೆ ಹೇಳಲೇಬಾರದೇ? ಖಂಡಿತ ಹೇಳಬೇಕು. ಆದರೆ 'ಅದಕ್ಕೇ' ಎಂಬ ಮಾತನ್ನು ಬಿಟ್ಟು ಹೇಳಬೇಕು. ನಮ್ಮ ವಂದನೆಯನ್ನು ಒರೆಗೆ ಹಚ್ಚಲು ಒಂದು ಸುಲಭ ದಾರಿಯಿದೆ: ಈ ಮಾತನ್ನು, ಕೇಳಿಯೂ ಪಡೆಯದ ಒಬ್ಬರ ಎದುರಿನಲ್ಲಿ, ಅವರ ಕೈ ಹಿಡಿದು ಹೇಳಬಲ್ಲೆನೇ? ಬಲ್ಲೆನಾದರೆ ಅದು ಸಮಾರಿಯದವನ ಕೃತಜ್ಞತೆ. ನಾಲಿಗೆ ತಡವರಿಸಿದರೆ ಅದರೊಳಗೆ ಫರಿಸಾಯ ಎಲ್ಲೋ ಅಡಗಿದ್ದಾನೆ. ನಿಜವಾದ ಕೃತಜ್ಞತೆ ನಮ್ಮನ್ನು ಆ ತಾಯಿಯ ಮನೆ ಬಾಗಿಲಿಗೆ ಕರೆದೊಯ್ಯುತ್ತದೆ, ಆಕೆಯಿಂದ ದೂರ ಸರಿಸುವುದಿಲ್ಲ.

ಕರಾವಳಿಯ ಕಥೋಲಿಕ ಕುಟುಂಬಗಳು ಸೆಪ್ಟೆಂಬರ್ 8ರಂದು, ಮಾತೆ ಮರಿಯಮ್ಮನವರ ಜನ್ಮೋತ್ಸವದ ದಿನ, ತೆನೆಹಬ್ಬ ಆಚರಿಸುತ್ತವೆ. ದೇವಾಲಯದಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಅದರ ಕಾಳನ್ನು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಹಂಚುತ್ತಾರೆ. ಪರದೇಶದಲ್ಲಿರುವ ಮಕ್ಕಳಿಗೂ ಕಾಳು ಕಳುಹಿಸುವವರಿದ್ದಾರೆ. ಯಾರ ಗದ್ದೆಯಲ್ಲಿ ಎಷ್ಟು ಬೆಳೆಯಿತೆಂದು ಅಲ್ಲಿ ಯಾರೂ ಲೆಕ್ಕ ಕೇಳುವುದಿಲ್ಲ. ಪಡೆದದ್ದನ್ನು ಹಂಚಿಕೊಂಡೇ ವಂದನೆ ಹೇಳುವ ರೀತಿ ಅದು. ಪ್ರತಿ ಭಾನುವಾರ ನಾವು ಸೇರುವ ಬಲಿಪೂಜೆಯೂ ಅಂಥದ್ದೇ. ಅದಕ್ಕಿರುವ 'ಯೂಖರಿಸ್ತ್' ಎಂಬ ಹೆಸರು ಕೃತಜ್ಞತಾಸ್ತುತಿ ಎಂಬರ್ಥದ ಗ್ರೀಕ್ ಪದದಿಂದ ಬಂದದ್ದು. ಅಲ್ಲಿಯೂ ಮುರಿದ ರೊಟ್ಟಿ ಒಬ್ಬರಿಗಲ್ಲ, ಎಲ್ಲರಿಗೆ.

ಲೊಯೋಲದ ಸಂತ ಇಗ್ನಾಸಿಯವರು ಕಲಿಸಿದ ಆತ್ಮಪರಿಶೋಧನೆಗೆ ಐದು ಹೆಜ್ಜೆಗಳಿವೆ. ಮೊದಲು ಪಡೆದ ವರಗಳಿಗಾಗಿ ವಂದನೆ. ಆಮೇಲೆ ಪಾಪವನ್ನು ಅರಿಯುವ ಕೃಪೆಗಾಗಿ ಬೇಡಿಕೆ. ಬಳಿಕ ದಿನದ ಅವಲೋಕನ, ಕ್ಷಮಾಯಾಚನೆ, ತಿದ್ದಿಕೊಳ್ಳುವ ಸಂಕಲ್ಪ. ಎಂಥ ಜಾಣ ಕ್ರಮ! ಸಮಾರಿಯದವನ ವಂದನೆಯಿಂದ ಆರಂಭಿಸಿದವನು ಸುಂಕದವನ ಪ್ರಾರ್ಥನೆಗೆ ಬಂದು ಸೇರುತ್ತಾನೆ.

ಪ್ರಿಯ ವಾಚಕರೇ, ಇಂದು ರಾತ್ರಿ ಮನೆಮಂದಿಯ ಜಪಸರ ಮುಗಿದ ಮೇಲೆ ಹೀಗೆ ಮಾಡಿ. ದಿನದಲ್ಲಿ ಪಡೆದ ಒಂದು ಒಳ್ಳೆಯದನ್ನು ಪ್ರತಿಯೊಬ್ಬರೂ ಹೇಳಲಿ. ಅದು ಯಾರ ಕೈಯಿಂದ ಬಂತೆಂಬುದನ್ನೂ ಹೇಳಲಿ. ಅಡುಗೆ ಮಾಡಿದ ತಾಯಿಯ ಹೆಸರು, ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟ ಅಪರಿಚಿತನ ನೆನಪು ಅಲ್ಲಿ ಬರಲಿ. ಕೊನೆಗೆ, ಅದೇ ವರಕ್ಕಾಗಿ ಇನ್ನೂ ಕಾಯುತ್ತಿರುವ ಒಬ್ಬರಿಗಾಗಿ ಒಂದು ನಮೋ ಮರಿಯ ಜಪಿಸಿ. ನಾಳೆ ಅವರ ಮನೆಗೆ ಹೋಗಿ ಬನ್ನಿ.