ಭಯ ಒಬ್ಬರದು, ಕುತ್ತಿಗೆ ಇನ್ನೊಬ್ಬರದು



ಮೊನ್ನೆ ನಮ್ಮ ಗುಂಪಿನಲ್ಲಿ ಒಬ್ಬ ಹುಡುಗ ಕೇಳಿದ: "ಅಣ್ಣಾ, ಭಾನುವಾರ ಮಟನ್ ತಿನ್ನುವ ನಾವು ಮಾರಿಹಬ್ಬದ ಬಲಿಯನ್ನು ಯಾಕೆ ಬೈಯಬೇಕು? ಎರಡೂ ಕಡೆ ಸಾಯೋದು ಕುರಿಯೇ ತಾನೆ?" ನ್ಯಾಯವಾದ ಪ್ರಶ್ನೆ. ಅದನ್ನು ಪಕ್ಕಕ್ಕಿಟ್ಟು ಅಹಿಂಸೆಯ ಮೇಲೆ ಭಾಷಣ ಮಾಡುವುದು ನನಗೆ ಸರಿ ಕಾಣಲಿಲ್ಲ.

ಬುದ್ಧರು ಯಜ್ಞವನ್ನು ವಿರೋಧಿಸಿದ್ದು ಮಾಂಸದ ಕಾರಣಕ್ಕಲ್ಲ. ತನಗಾಗಿಯೇ ಕೊಂದದ್ದೆಂದು ಕಂಡಿಲ್ಲ, ಕೇಳಿಲ್ಲ, ಅನುಮಾನವೂ ಇಲ್ಲ ಎಂದಾದರೆ ಭಿಕ್ಷು ಮಾಂಸವನ್ನು ಸ್ವೀಕರಿಸಬಹುದು ಎಂದು ಜೀವಕ ಸುತ್ತದಲ್ಲಿದೆ. ಕೊಲ್ಲುವುದಕ್ಕೆ ಮಾತ್ರ ಎಲ್ಲೂ ರಿಯಾಯಿತಿ ಇಲ್ಲ. ಆದರೆ ಮಟನ್ ಅಂಗಡಿಯವನು "ಈ ಕುರಿ ಸತ್ತಿದ್ದರಿಂದ ನಿನ್ನ ಕಷ್ಟ ಹೋಯಿತು" ಅನ್ನುವುದಿಲ್ಲ. ಬಲಿಪೀಠದ ಮುಂದೆ ಅನ್ನುತ್ತಾರೆ. ಒಂದು ಜೀವದ ಸಾವು ಇನ್ನೊಂದು ಜೀವದ ಕೇಡನ್ನು ಕಳೆಯುತ್ತದೆ ಎಂಬ ಆ ನಂಬಿಕೆಯ ಬಗ್ಗೆಯೇ ನನ್ನ ಮಾತು.

ಅದು ಹುಟ್ಟುವುದು ಭಯದಿಂದ. ಮಹಾಸುಪಿನ ಜಾತಕ ನೋಡಿ. ಕೋಸಲದ ರಾಜ ಪಸೇನದಿ ಒಂದೇ ರಾತ್ರಿ ಹದಿನಾರು ಕೆಟ್ಟ ಕನಸು ಕಂಡು ನಡುಗಿಹೋದ. ರಾಜ್ಯಕ್ಕೋ ಪ್ರಾಣಕ್ಕೋ ಸಂಪತ್ತಿಗೋ ಅಪಾಯವಿದೆ, ಯಜ್ಞವಾಗಬೇಕು ಎಂದರು ಪುರೋಹಿತರು. ಪ್ರಾಣಿಗಳನ್ನು ತಂದದ್ದೂ ಆಯಿತು. ಬುದ್ಧರನ್ನು ಒಮ್ಮೆ ಕೇಳಿ ಬನ್ನಿ ಎಂದವಳು ರಾಣಿ ಮಲ್ಲಿಕಾ. ಆ ಕನಸುಗಳಿಂದ ನಿನಗೇನೂ ಕೇಡಿಲ್ಲ ಎಂದು ಬುದ್ಧರು ಹೇಳಿದ ಮೇಲೆ ಪ್ರಾಣಿಗಳ ಹಗ್ಗ ಬಿಚ್ಚಿದರು. ಭಯ ರಾಜನದು, ದಕ್ಷಿಣೆ ಪುರೋಹಿತರದು, ಕುತ್ತಿಗೆ ಮಾತ್ರ ಮೂಕ ಪ್ರಾಣಿಯದು.

ಇದೇ ರಾಜನ ಇನ್ನೊಂದು ಮಹಾಯಜ್ಞದ ವಿಷಯ ಸಂಯುತ್ತ ನಿಕಾಯದಲ್ಲಿ ಬರುತ್ತದೆ. 500 ಹೋರಿ, 500 ಮೇಕೆ, 500 ಟಗರು ಎಂದು ಲೆಕ್ಕ ಕೊಡುವ ಆ ಸುತ್ತ, ದೊಣ್ಣೆ ಪೆಟ್ಟಿಗೆ ಹೆದರಿ ಕಣ್ಣೀರು ಹಾಕುತ್ತಾ ದುಡಿಯುತ್ತಿದ್ದ ಆಳುಗಳನ್ನೂ ಅಲ್ಲೇ ಸೇರಿಸುತ್ತದೆ. ಆ ಒಂದು ಸಾಲಿಗಾಗಿ ನಾನು ಅದನ್ನು ಮತ್ತೆ ಮತ್ತೆ ಓದುತ್ತೇನೆ.

ಯಾಕೆಂದರೆ ಮಾರಿಯ ಕಥೆ ಕೇಳಿ ಬೆಳೆದವರು ನಾವು. ಊರಿಂದ ಊರಿಗೆ ವಿವರ ಬೇರೆಯಾದರೂ ತಿರುಳು ಒಂದೇ. ಕೆಳಜಾತಿಯ ಹುಡುಗನೊಬ್ಬ ಜಾತಿ ಮರೆಮಾಚಿ ಬ್ರಾಹ್ಮಣರ ಹುಡುಗಿಯನ್ನು ಮದುವೆಯಾದ. ಗುಟ್ಟು ತಿಳಿದ ಅವಳು ಉರಿದೆದ್ದು ಮಾರಿಯಾದಳು. ಅವನು ಕೋಣವಾದ, ಇಲ್ಲವೇ ಕೋಣದೊಳಗೆ ಅಡಗಿದ. ಅಂದಿನಿಂದ ಹಬ್ಬಕ್ಕೆ ಕೋಣ ಕಡಿಯಬೇಕು. ಕಡಿದ ಕೋಣದ ಕಾಲನ್ನು ಅದರ ಬಾಯಿಗೇ ಇಡುವ ಪದ್ಧತಿ ಹಲವು ಕಡೆ ಇತ್ತು. ರಕ್ತ ಕಲಸಿದ ಅನ್ನವನ್ನು ರಾತ್ರಿ ಊರ ಗಡಿ ಸುತ್ತ ಚೆಲ್ಲಿ ಬರುವ ಕೆಲಸ ಯಾವ ಕೇರಿಯವರದ್ದು? ನಮ್ಮದೇ. ಕಥೆಯಲ್ಲಿ ಸಾಯುವವನೂ ನಮ್ಮವನು, ಅವನ ತಲೆ ಹೊರುವವರೂ ನಾವೇ! ಜಾತಿ ಮೀರಿದವನಿಗೆ ಏನಾಗುತ್ತದೆ ಎಂಬ ಪಾಠವನ್ನು ಹಬ್ಬದ ಹೆಸರಲ್ಲಿ ತಲೆತಲೆಮಾರಿಗೆ ನಮಗೆ ಹೇಳಿಕೊಟ್ಟರು.

ಸಮಾಜ ತನ್ನೊಳಗಿನ ಹಿಂಸೆಯನ್ನೆಲ್ಲ ತಿರುಗಿ ಸೇಡು ತೀರಿಸಿಕೊಳ್ಳಲಾಗದ ಒಬ್ಬನ ಮೇಲೆ ಹೊರಿಸಿ ನೆಮ್ಮದಿ ಪಡೆಯುತ್ತದೆ, ಬಲಿ ಎಂದರೆ ಅದೇ ಎಂದು ಫ್ರೆಂಚ್ ಚಿಂತಕ ರೆನೆ ಜಿರಾರ್ 1972ರಲ್ಲಿ ವಾದಿಸಿದ. ಎಲ್ಲ ಬಲಿಗೂ ಇದು ಹೊಂದುತ್ತದೆಂದು ನನಗೆ ಅನಿಸುವುದಿಲ್ಲ. ಕೋಣಕ್ಕಂತೂ ಹೊಂದುತ್ತದೆ.

ಹಾಗೆಂದು ಹರಕೆ ಹೊತ್ತವರನ್ನೆಲ್ಲ ಕ್ರೂರಿಗಳು ಅನ್ನಲು ನಾನು ಒಪ್ಪುವವನಲ್ಲ. ಮಗನಿಗೆ ಸಿಡುಬು ಎದ್ದಾಗ ನಮ್ಮಜ್ಜಿ ಕುರಿ ಹರಕೆ ಹೊತ್ತಿದ್ದಳಂತೆ. ಆಸ್ಪತ್ರೆ ಎಲ್ಲೋ, ಅವಳೆಲ್ಲೋ. ಕೈಯಲ್ಲಿದ್ದ ಆಸ್ತಿ ಆ ಕುರಿಯೊಂದೇ, ಅದನ್ನೇ ಕೊಟ್ಟಳು. ಪಸೇನದಿಯ ಯಜ್ಞವನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಆದರೆ ಸಿಡುಬನ್ನು ಓಡಿಸಿದ್ದು ಲಸಿಕೆ. 1977ರಲ್ಲಿ ಭಾರತ ಸಿಡುಬು ಮುಕ್ತವೆಂದು ಘೋಷಣೆಯಾಯಿತು. ಆಮೇಲೆ ಆ ಕಾಯಿಲೆಗೆಂದು ಯಾವ ಅಜ್ಜಿಯೂ ಕುರಿ ಕೊಡಬೇಕಾಗಿಲ್ಲ.

ನಮ್ಮ ರಾಜ್ಯದಲ್ಲಿ ಪ್ರಾಣಿಬಲಿ ತಡೆಯುವ ಕಾಯ್ದೆ 1959ರಿಂದಲೇ ಇದೆ. ಹಬ್ಬದ ದಿನ ಪೊಲೀಸರು ಬರುತ್ತಾರೆ, ಕಟ್ ಮಾಡುವುದು ಊರಾಚೆಯ ಹೊಲದಲ್ಲಿ ನಡೆಯುತ್ತದೆ. ಭಯ ಹಾಗೇ ಉಳಿದರೆ ಬಲಿ ಜಾಗ ಬದಲಿಸುತ್ತದೆ ಅಷ್ಟೇ.

ಇದನ್ನು ಬುದ್ಧರಷ್ಟು ಚೆನ್ನಾಗಿ ಯಾರೂ ಹಿಡಿದಿಲ್ಲ. ದೀಘ ನಿಕಾಯದ 5ನೇ ಸುತ್ತದಲ್ಲಿ ಮಗಧದ ಖಾಣುಮತ ಎಂಬ ಊರಿನ ಬ್ರಾಹ್ಮಣ ಕೂಟದಂತ ಐದು ಬಗೆಯ ಪ್ರಾಣಿಗಳನ್ನು ತಲಾ 700ರಂತೆ ಕಂಬಕ್ಕೆ ಕಟ್ಟಿಸಿದ್ದ. ಯಜ್ಞದ ಸರಿಯಾದ ವಿಧಾನ ಯಾವುದೆಂದು ಬುದ್ಧರನ್ನೇ ಕೇಳಲು ಬಂದ. ಬುದ್ಧರು ಬೈಯಲಿಲ್ಲ. ಮಹಾವಿಜಿತ ಎಂಬ ಹಳೆಯ ರಾಜನ ಕಥೆ ಹೇಳಿದರು. ಅವನ ರಾಜ್ಯದಲ್ಲಿ ಕಳ್ಳಕಾಕರ ಕಾಟ. ಅಂಥ ಹೊತ್ತಿನಲ್ಲಿ ಯಜ್ಞಕ್ಕೆಂದು ಹೊಸ ತೆರಿಗೆ ಹಾಕಬೇಡ, ಕೊಲ್ಲುವುದರಿಂದ ಸೆರೆಗೆ ಹಾಕುವುದರಿಂದಲೂ ಕಳ್ಳತನ ನಿಲ್ಲದು ಎಂದನಂತೆ ಅವನ ಪುರೋಹಿತ. ಉಳುವವನಿಗೆ ಬಿತ್ತನೆ ಬೀಜ ಕೊಡು, ದನ ಸಾಕುವವನಿಗೆ ಮೇವು ಕೊಡು, ವ್ಯಾಪಾರಿಗೆ ಬಂಡವಾಳ, ನೌಕರನಿಗೆ ಊಟ ಮತ್ತು ಸಂಬಳ. ರಾಜ ಕೊಟ್ಟ. ಜನ ಬಾಗಿಲು ಹಾಕದೆ ಮಲಗುವಂತಾಯಿತು. ಯಜ್ಞ ನಡೆದದ್ದು ಆಮೇಲೆ. ತುಪ್ಪ, ಎಣ್ಣೆ, ಮೊಸರು, ಜೇನು, ಬೆಲ್ಲದಲ್ಲೇ ಮುಗಿಯಿತು. ಒಂದು ಪ್ರಾಣಿ ಸಾಯಲಿಲ್ಲ, ಯೂಪಕ್ಕೆಂದು ಮರ ಕಡಿಯಲಿಲ್ಲ. ಆಳುಗಳಲ್ಲಿ ಮನಸ್ಸಿದ್ದವರು ಕೆಲಸ ಮಾಡಿದರು, ಇಲ್ಲದವರು ಮಾಡಲಿಲ್ಲ.

ರಾಜ ಬಿಚ್ಚಿದ್ದು ತನ್ನ ಕಣಜವನ್ನು, ಇನ್ನೊಬ್ಬರ ಕೊರಳನ್ನಲ್ಲ. ಆ ಹುಡುಗನಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಕೂಟದಂತ ಆ 3500 ಪ್ರಾಣಿಗಳನ್ನೂ ಹುಲ್ಲಿಗೆ, ನೀರಿಗೆ ಬಿಟ್ಟ.

ಈ ಭಾನುವಾರ ಕೂಟದಂತ ಸುತ್ತವನ್ನೇ ಓದೋಣ. ನಿಮ್ಮೂರಲ್ಲಿ ಮಾರಿಯ ಕಥೆಯನ್ನು ಹೇಗೆ ಹೇಳುತ್ತಾರೆ, ಕೋಣದ ತಲೆ ಯಾರು ಹೊರುತ್ತಿದ್ದರು ಎಂದು ಮನೆಯ ಹಿರಿಯರನ್ನು ಕೇಳಿಕೊಂಡು ಬನ್ನಿ.