ಹರಿದುಹೋಗುವ ನೀರು

ಬರದ ಸೀಮೆಯಲ್ಲಿ ಬೆಳೆದವನು ನೀರಿನ ಚೆಲುವನ್ನು ಚೆಲುವೆಂದೇ ನೋಡಬಲ್ಲನೆ? ಕಳೆದ ಶ್ರಾವಣದಲ್ಲಿ ಆದವಾನಿಯಿಂದ ಕೆಲವು ವಿದ್ಯಾರ್ಥಿಗಳೊಡನೆ ಅಹೋಬಲಕ್ಕೆ ಹೋಗಿ ಬಂದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಅಹೋಬಲವು 2022ರವರೆಗೆ ನಮ್ಮ ಕರ್ನೂಲು ಜಿಲ್ಲೆಗೇ ಸೇರಿದ್ದಿತು. ಈಗ ನಂದ್ಯಾಲ ಜಿಲ್ಲೆಯಲ್ಲಿದೆ. ಮೇಲಣ ಅಹೋಬಲದ ಗುಡಿಯನ್ನು ದಾಟಿ ಜ್ವಾಲಾ ನರಸಿಂಹನ ಗುಹೆಯತ್ತ ನಡೆಯುವವರಿಗೆ ಭವನಾಶಿನಿಯೇ ಸಂಗಾತಿ. ನಲ್ಲಮಲೆಯ ದಟ್ಟ ಕಾಡಿನ ನಡುವೆ ಅವಳು ಬಂಡೆಯಿಂದ ಬಂಡೆಗಿಳಿದು ಸಣ್ಣ ಸಣ್ಣ ಅಬ್ಬಿಗಳಾಗುತ್ತಾಳೆ. ಗುಹೆಯ ಸಮೀಪದಲ್ಲಂತೂ ಮಳೆಗಾಲದ ನೀರು ಕಡಿದಾದ ಬಂಡೆಯ ಮೇಲಿನಿಂದ ದಾರಿಗನ ನೆತ್ತಿಯ ಮೇಲೆಯೇ ಸುರಿಯುತ್ತದೆ.

ಎಲ್ಲರೂ ಹರ್ಷದಿಂದ ಕೂಗುತ್ತಿದ್ದಾಗ ಆಲೂರು ಕಡೆಯ ಒಬ್ಬ ಹುಡುಗ ಸುಮ್ಮನೆ ನಿಂತಿದ್ದನು. "ಇಷ್ಟು ನೀರು ಸುಮ್ನೆ ಹೋಗ್ತೈತಲ್ಲ ಸಾರ್, ಯಾರೂ ಹಿಡಿಯಾದಿಲ್ಲೇನು?" ಎಂದನು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ.

ಅವನ ಮಾತಿನ ಹಿಂದೆ ಒಂದು ನಾಡಿನ ಅನುಭವವಿದೆ. 1876–78ರ ಧಾತು-ಈಶ್ವರ ಸಂವತ್ಸರಗಳ ಬರದಲ್ಲಿ ಬಳ್ಳಾರಿ, ಕರ್ನೂಲು ಸೀಮೆಗಳು ಬೆಂದುಹೋದುವು. 1953ರಲ್ಲಿ ಆದವಾನಿ, ಆಲೂರು ತಾಲ್ಲೂಕುಗಳು ಬಳ್ಳಾರಿಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದುವು. ತುಂಗಭದ್ರೆಯ ಕೆಳಮಟ್ಟದ ಕಾಲುವೆ ಬಂದಿತು ನಿಜ. ಆದರೆ ಕಾಲುವೆ ಮುಟ್ಟದ ಊರುಗಳಲ್ಲಿ ಇಂದಿಗೂ ಕಣ್ಣು ಮುಗಿಲ ಮೇಲೆಯೇ.

ನೀರು ವ್ಯರ್ಥವಾಗುತ್ತಿಲ್ಲವೆಂದು ನಾನು ಅವನಿಗೆ ಹೇಳಿದೆ. ಈ ಮರಗಳು, ಮೃಗಗಳು, ಈ ಕಾಡನ್ನೇ ನಂಬಿ ಬಾಳಿದ ಚೆಂಚು ಜನರು, ಕೆಳಗಿನ ಹೊಲಗಳು—ಎಲ್ಲಕ್ಕೂ ಇದು ಬೇಕೆಂದೆ. ಉತ್ತರ ಸುಳ್ಳಲ್ಲ. ಆದರೂ ಅದು ನನಗೇ ಒಪ್ಪಿಗೆಯಾಗಲಿಲ್ಲ. ಅವನ ಲೆಕ್ಕಕ್ಕೆ ಇನ್ನೊಂದು ಲೆಕ್ಕವನ್ನು ಒಡ್ಡಿದೆನಷ್ಟೆ. ಯಾರಿಗೂ ಉಪಯೋಗವಾಗದಿದ್ದರೂ ಈ ಧಾರೆ ಇರತಕ್ಕದ್ದೆ? ಇರತಕ್ಕದ್ದೆಂದೇ ನನ್ನ ನಂಬಿಕೆ. ಆದರೆ ಮನೆಯಲ್ಲಿ ಕೊಳಾಯಿಯುಳ್ಳ ಮೇಷ್ಟರಿಗೆ ಈ ನಂಬಿಕೆ ಸುಲಭ! ಗಂಟಲು ಒಣಗಿದವನಿಗೆ ಸೌಂದರ್ಯೋಪಾಸನೆಯನ್ನು ಬೋಧಿಸುವ ಅಧಿಕಾರ ನಮಗೆ ಎಲ್ಲಿಂದ ಬಂದಿತು? ಉಪಯೋಗದ ದೃಷ್ಟಿ ಕೀಳು, ರಸದೃಷ್ಟಿ ಮೇಲು ಎಂದು ತರಗತಿಯಲ್ಲಿ ನಾವು ಎಷ್ಟು ಸಲ ಹೇಳಿಲ್ಲ!

ಅಂದು ಕಂಡುದು ಬೇರೆ. ಧಾರೆಯನ್ನು ಬಾಯ್ತುಂಬ ಹೊಗಳಿದ ಯಾತ್ರಿಕರೇ ಅದರ ಕೆಳಗೆ ಸೋಪು ಹಚ್ಚಿ ಮಿಂದು, ಪ್ಲಾಸ್ಟಿಕ್ ಚೀಟಿಗಳನ್ನು ಹಳ್ಳಕ್ಕೆ ಎಸೆದರು. ನೀರು ಪೋಲಾಗುತ್ತದೆಂದು ಮರುಗಿದ ಹುಡುಗನು ಚಪ್ಪಲಿಯನ್ನು ದಂಡೆಯಲ್ಲಿ ಬಿಟ್ಟು, ಬರಿಗಾಲಲ್ಲಿ ಇಳಿದು, ಬೊಗಸೆಯಲ್ಲಿ ಬೇಕಾದಷ್ಟೇ ಕುಡಿದನು.

ಹೊರಡುವಾಗ ಒಂದು ಬಾಟಲಿ ತುಂಬಿಕೊಂಡನು. ಬಸ್ಸಿನಲ್ಲಿ ಸೆಕೆ ವಿಪರೀತವಾಗಿದ್ದಿತು. ಎಲ್ಲರ ನೀರೂ ಮುಗಿದಿದ್ದಿತು. ಕುಡಿಯಬಾರದೆ ಎಂದು ಕೇಳಿದೆ. "ಇದು ಅಜ್ಜಿಗೆ ತೋರ್ಸಾಕೆ ಸಾರ್" ಎಂದನು. ಕುಡಿಸಲಿಕ್ಕೆ ಎನ್ನಲಿಲ್ಲ.